ನೀಕೇಯದ ತಾತನವರು

ಭಾನುವಾರದ ಆರಾಧನೆಯಲ್ಲಿ ಅಯ್ಯನವರು ಪ್ರಸಂಗಪೀಠವನ್ನೇರಿ, ಮೂಲವಾಕ್ಯವನ್ನು ಓದಿ, ಸತ್ಯವೇದವನ್ನು ಮುಚ್ಚಿ, "ಕರ್ತನಲ್ಲಿ ಪ್ರಿಯರಾದವರೇ" ಎಂದು ಸಂಬೋಧಿಸುವ ಹೊತ್ತಿಗೆ, ಮುಂದಿನ ಮುಕ್ಕಾಲು ಗಂಟೆಯನ್ನು ಬೆನ್ನಿಗೂ ಬೆಂಚಿಗೂ ಮನಸ್ತಾಪ ಬಾರದಂತೆ ಕಳೆಯುವುದು ಹೇಗೆಂದು ನಮ್ಮಂತಹ ಸಾಮಾನ್ಯ ಸಭಿಕರು ಯೋಚಿಸುತ್ತಿರುವಾಗಲೇ, ಎಡಗಡೆಯ ಎರಡನೆಯ ಸಾಲಿನ ತುದಿಯಿಂದ ಚಿಟಿಲ್ ಎಂದು ಒಂದು ಸಪ್ಪಳ ಕೇಳಿಬರುತ್ತದೆ. ಅದು ಉದ್ದನೆಯ ಟಿಪ್ಪಣಿ ಪುಸ್ತಕವೊಂದರ ರಬ್ಬರು ಪಟ್ಟಿಯನ್ನು ಬಿಚ್ಚಿದ ಸಪ್ಪಳ. ಅದನ್ನು ಕೇಳಿದೊಡನೆ ಅಯ್ಯನವರ ಕಂಠದಲ್ಲಿ ಉಂಟಾಗುವ ಅಲ್ಪ ಕಂಪನವನ್ನು ಹೊಸಬರು ಪವಿತ್ರಾತ್ಮನ ಪ್ರೇರಣೆಯೆಂದು ಭಾವಿಸುವುದುಂಟು. ಹಳಬರಾದ ನಾವು ಅದರ ಕಾರಣವನ್ನು ಬಲ್ಲೆವು. ಪುಸ್ತಕದ ಹಿಂದೆಯೇ ಜೇಬಿನಿಂದ ಒಂದು ಪೆನ್ಸಿಲು ಹೊರಬರುತ್ತದೆ. ಅದರ ಒಂದು ತುದಿ ನೀಲಿ, ಇನ್ನೊಂದು ತುದಿ ಕೆಂಪು. ನೀಲಿಯು ಸಂಶಯಾಸ್ಪದವಾದ ಮಾತಿಗೆ, ಕೆಂಪು ನಿಸ್ಸಂದೇಹವಾದ ದುರ್ಬೋಧನೆಗೆ. ಸರಿಯಾದ ಬೋಧನೆಗೆ ಬಣ್ಣವನ್ನು ಗೊತ್ತುಮಾಡಿಲ್ಲ. ಸಭಾ ಸಮಿತಿಯ ಕಾರ್ಯದರ್ಶಿಯಾದ ನಾನು ಇಂತಹ ಅನೇಕ ಪೆನ್ಸಿಲುಗಳ ಆಯುಷ್ಯವನ್ನು ಹತ್ತಿರದಿಂದ ಕಂಡಿದ್ದೇನೆ. ಅವೆಲ್ಲವೂ ಕೆಂಪು ತುದಿಯಿಂದಲೇ ಸವೆಯತಕ್ಕವಾಗಿದ್ದವು.

ಈ ಪೆನ್ಸಿಲಿನ ಧಣಿಗಳಿಗೆ ನಮ್ಮ ಸಭೆಯ ತರುಣರು ಇಟ್ಟ ಹೆಸರು 'ನೀಕೇಯದ ತಾತ'. ಕ್ರಿ. ಶ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ನೀಕೇಯ ಪಟ್ಟಣದಲ್ಲಿ ಕರೆಸಿದ ಮಹಾಸಭೆಯಲ್ಲಿ 318 ಮಂದಿ ಬಿಷಪರು ಕುಳಿತು, ಕ್ರಿಸ್ತನು ಸೃಷ್ಟಿಸಲ್ಪಟ್ಟವನೆಂದು ಬೋಧಿಸಿದ ಅಲೆಕ್ಸಾಂಡ್ರಿಯದ ಆರಿಯುಸನನ್ನು ಖಂಡಿಸಿದರೆಂದು ಸಂಪ್ರದಾಯವು ಹೇಳುತ್ತದೆಯಷ್ಟೆ. ದಾಖಲೆಯಲ್ಲಿ ಕೈತಪ್ಪಿ ಬಿಟ್ಟುಹೋದ 319ನೆಯವರು ನಮ್ಮ ತಾತನವರೆಂದೂ, ಆ ಸಭೆ ಮುಗಿದು ಎಲ್ಲರೂ ತಮ್ಮ ತಮ್ಮ ಊರಿಗೆ ಹೋದರೂ ಇವರೊಬ್ಬರು ಮಾತ್ರ ಇನ್ನೂ ಎದ್ದಿಲ್ಲವೆಂದೂ ತರುಣರ ವಾದ. ಈ ಹೆಸರು ತಾತನವರ ಕಿವಿಗೆ ಬಿದ್ದಾಗ ಅವರು ಕೋಪಿಸಿಕೊಳ್ಳಬಹುದೆಂದು ನಾವೆಲ್ಲ ಹೆದರಿದೆವು. ಅವರು ಕೋಪಿಸಿಕೊಳ್ಳಲಿಲ್ಲ. ಕಣ್ಣನ್ನು ಅರೆಮುಚ್ಚಿ, ತಲೆಯನ್ನು ಒಂದಿಷ್ಟು ಬಾಗಿಸಿ, "ನಾನು ಅಷ್ಟಕ್ಕೆ ಯೋಗ್ಯನಲ್ಲ" ಎಂದರು. ಅಷ್ಟಕ್ಕೆ ಯೋಗ್ಯರೆಂಬ ಭಾವವನ್ನು ಮುಖದಲ್ಲಿ ಇಷ್ಟು ಸ್ಪಷ್ಟವಾಗಿ ಇಟ್ಟುಕೊಂಡು ಆ ಮಾತನ್ನು ಆಡಿದವರನ್ನು ನಾನು ಬೇರೆ ಕಂಡಿಲ್ಲ.

ತಾತನವರು ಸರ್ಕಾರದ ಲೆಕ್ಕ ತಪಾಸಣೆಯ ಇಲಾಖೆಯಲ್ಲಿ ಸೇವೆ ಸಲ್ಲಿಸಿ ವಿಶ್ರಾಂತಿ ವೇತನ ಪಡೆಯುತ್ತಿರುವವರು. ಮೂವತ್ತಕ್ಕೆ ಮೀರಿದ ವರ್ಷಗಳ ಕಾಲ ಪರರ ಖರ್ಚಿನ ಚೀಟಿಗಳನ್ನು ಅಪನಂಬಿಕೆಯಿಂದ ನೋಡುವುದಕ್ಕೆ ಸಂಬಳ ಪಡೆದ ಮನುಷ್ಯನಿಗೆ, ನಿವೃತ್ತಿಯಾದೊಡನೆ ಆ ದೃಷ್ಟಿಯನ್ನು ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಿ ಬಾ ಎಂದರೆ ಆಗುವ ಕೆಲಸವಲ್ಲ. ಪ್ರಸಂಗವೆಂಬುದು ಅವರ ಮಟ್ಟಿಗೆ ಒಂದು ಲೆಕ್ಕಪತ್ರ. ಅಯ್ಯನವರು ಆಡಿದ ಪ್ರತಿಯೊಂದು ಮಾತಿಗೂ ಸತ್ಯವೇದದ ಒಂದು ವಚನವು ಚೀಟಿಯಾಗಿ ಲಗತ್ತಾಗಿರಬೇಕು, ಇಲ್ಲದಿದ್ದರೆ ಆಕ್ಷೇಪಣೆ. ವಚನವಿದ್ದು ಅದು ಸಂದರ್ಭದಿಂದ ಬೇರ್ಪಟ್ಟಿದ್ದರೆ, ಒಂದು ಬಾಬಿನ ಹಣವನ್ನು ಇನ್ನೊಂದು ಬಾಬಿಗೆ ಖರ್ಚು ಹಾಕಿದ ಅಪರಾಧ. ದೇವರ ಪ್ರೀತಿಯ ವಿಚಾರವಾಗಿ ಅಯ್ಯನವರು ಸ್ವಲ್ಪ ಧಾರಾಳವಾಗಿ ಮಾತನಾಡಿದರೆಂದರೆ, ಮಂಜೂರಾತಿಗೆ ಮೀರಿದ ವೆಚ್ಚ. ಆರಾಧನೆ ಮುಗಿದು, ಬಾಗಿಲ ಬಳಿ ನಿಂತ ಅಯ್ಯನವರ ಕೈಕುಲುಕಿ ಜನರು "ಒಳ್ಳೆ ಪ್ರಸಂಗ ಅಯ್ಯನವರೇ" ಎಂದು ಅರ್ಧ ನಿದ್ದೆಯ ಕೃತಜ್ಞತೆಯಿಂದ ಹೊರಟುಹೋದ ಮೇಲೆ, ಎಲ್ಲರಿಗಿಂತ ಹಿಂದೆ ತಾತನವರು ಬಂದು, ಮಡಿಸಿದ ಒಂದು ಹಾಳೆಯನ್ನು ಅವರ ಅಂಗೈಯಲ್ಲಿಟ್ಟು, "ಬಿಡುವಾದಾಗ ಸಮಾಧಾನ ಬರೆದು ಕಳಿಸಿ" ಎನ್ನುವರು. ನಮ್ಮಲ್ಲಿಗೆ ವರ್ಗವಾಗಿ ಬಂದ ಅಯ್ಯನವರೊಬ್ಬರು ಮೊದಲನೆಯ ಭಾನುವಾರ ಅದನ್ನು ಕಾಣಿಕೆಯ ಲಕೋಟೆಯೆಂದು ತಿಳಿದು, "ದೇವರು ನಿಮ್ಮನ್ನು ಆಶೀರ್ವದಿಸಲಿ" ಎಂದುಬಿಟ್ಟರಂತೆ. ತಾತನವರು ಆ ಆಶೀರ್ವಾದಕ್ಕೂ ಆಧಾರವೇನೆಂದು ಕೇಳಿದರು.

ಅವರ ಪರಿಶೋಧನೆಯು ಪ್ರಸಂಗಕ್ಕೆ ಮಾತ್ರ ಸೀಮಿತವಾದುದಲ್ಲ. ಸಂಗೀತ ಪುಸ್ತಕದಲ್ಲಿ ಅವರು ಹಾಡದ ಚರಣಗಳು ಕೆಲವುಂಟು. ಸಭೆಯೆಲ್ಲ ಎದ್ದುನಿಂತು ಹಾರ್ಮೋನಿಯಮ್ಮಿನೊಡನೆ ಸ್ಪರ್ಧಿಸುತ್ತ ಮೂರನೆಯ ಚರಣಕ್ಕೆ ಬಂದಾಗ ತಾತನವರ ಬಾಯಿ ತಟಕ್ಕನೆ ಮುಚ್ಚಿಕೊಳ್ಳುತ್ತದೆ. ನಾಲ್ಕನೆಯ ಚರಣದ ಆರಂಭದಲ್ಲಿ, ಅಪಾಯವು ಕಳೆಯಿತೆಂಬುದಕ್ಕೆ ಗುರುತಾಗಿ, ದೀರ್ಘವಾಗಿ ಕೆಮ್ಮಿ, ಪುನಃ ತೆರೆದುಕೊಳ್ಳುತ್ತದೆ. ಅವರ ಪಕ್ಕದಲ್ಲಿ ನಿಲ್ಲುವ ಹುಡುಗರು ಆ ಮೌನದಿಂದಲೇ ದೈವಶಾಸ್ತ್ರವನ್ನು ಕಲಿತಿದ್ದಾರೆ. ಶವಸಂಸ್ಕಾರದ ಸಮಯದಲ್ಲಿ ದುಃಖಿತ ಬಂಧುವೊಬ್ಬರು "ಅಪ್ಪ ಈಗ ಮೇಲಿನಿಂದ ನಮ್ಮನ್ನು ನೋಡುತ್ತಿದ್ದಾರೆ" ಎಂದು ಅತ್ತರೆ, ತಾತನವರು ಅವರ ಭುಜವನ್ನು ಮೃದುವಾಗಿ ತಟ್ಟಿ, ಮೃತರ ಸ್ಥಿತಿಯನ್ನು ಕುರಿತು ಧರ್ಮಗ್ರಂಥವು ಅಷ್ಟು ದೂರ ಹೋಗುವುದಿಲ್ಲವೆಂದು ಸಂತೈಸುವರು. ಸುಗ್ಗಿಯ ಹಬ್ಬದ ಹರಾಜಿನಲ್ಲಿ ಕುಂಬಳಕಾಯೊಂದು ಅದರ ಬೆಲೆಯ ಹತ್ತರಷ್ಟಕ್ಕೆ ಏರಿದಾಗ, ಕೂಗಿದವನ ಉದ್ದೇಶವು ಕೃಪೆಯೋ ಕ್ರಿಯೆಯೋ ಎಂಬ ಪ್ರಶ್ನೆಯನ್ನೆತ್ತಿ, 5ನೆಯ ಶತಮಾನದ ಪೆಲಾಗಿಯುಸನವರೆಗೆ ಹೋಗಿ ಬಂದರು. ಮನುಷ್ಯನು ತನ್ನ ಸ್ವಪ್ರಯತ್ನದಿಂದ ಪಾಪವಿಲ್ಲದೆ ಬದುಕಬಲ್ಲನೆಂದು ಪೆಲಾಗಿಯುಸನು ಬೋಧಿಸಿದನೆಂದೂ, ಆಗಸ್ಟಿನನು ಅವನನ್ನು ಖಂಡಿಸಿದನೆಂದೂ ಅಂದು ನೆರೆದವರಿಗೆಲ್ಲ ತಿಳಿಯಿತು; ಕುಂಬಳಕಾಯಿ ಮಾತ್ರ ಗದ್ದಲದಲ್ಲಿ ಯಾರ ಪಾಲಾಯಿತೆಂಬುದು ತಿಳಿಯಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ದುರ್ಬೋಧನೆಯೆಂಬುದೇ ಇಲ್ಲ, ಅದು ಮುದುಕರ ಕಲ್ಪನೆ ಎಂದು ವಾಚಕರು ತಿಳಿಯಬಾರದು. ಸಭೆಯು ಹುಟ್ಟಿದಂದಿನಿಂದ ಅದರ ಬಾಗಿಲಲ್ಲಿ ಕುರೀವೇಷದ ತೋಳಗಳು ನಿಂತೇ ಇವೆ. ಒಂದು ಬೇಸಗೆಯಲ್ಲಿ ನಮ್ಮ ಊರಿನ ಸಂತೆಯ ಮೈದಾನದಲ್ಲಿ ಎಲ್ಲಿಂದಲೋ ಬಂದ ಬೋಧಕನೊಬ್ಬನು ಡೇರೆ ಹಾಕಿ, ಧ್ವನಿವರ್ಧಕ ಕಟ್ಟಿ, ತಾನು ಪ್ರಾರ್ಥಿಸಿದ ಎಣ್ಣೆಯ ಸೀಸೆಗಳನ್ನು ಮಾರುತ್ತ, ಕೊಟ್ಟ ಕಾಣಿಕೆಗೆ ಈ ಲೋಕದಲ್ಲಿಯೇ ನೂರರಷ್ಟು ಪ್ರತಿಫಲ ಬರುವುದು ನಿಶ್ಚಯವೆಂದು ಮೂರು ರಾತ್ರಿ ಸಾರಿದನು. ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ನೂರರಷ್ಟೆಂಬ ಮಾತು ಇರುವುದು ನಿಜ. ಅದರೊಡನೆ ಹಿಂಸೆಗಳೂ ಸೇರಿ ಬರುವುವೆಂದು ಅದೇ ವಚನದಲ್ಲಿರುವುದನ್ನು ಬೋಧಕನು ಓದಲಿಲ್ಲ. ನಮ್ಮ ಸಭೆಯ ಬಡ ವಿಧವೆಯೊಬ್ಬಳು ಕೈಬಳೆಯನ್ನು ಕಳಚುವುದರಲ್ಲಿದ್ದಳು. ಅಯ್ಯನವರು ತಮ್ಮ ಕೊಠಡಿಯಲ್ಲಿ ಚಿಂತಾಕ್ರಾಂತರಾಗಿದ್ದರು. ಸಮಿತಿಯವರಾದ ನಾವು ಯಥಾಪ್ರಕಾರ ಪರಿಸ್ಥಿತಿಯನ್ನು ಗಮನಿಸುತ್ತಿದ್ದೆವು. ತಾತನವರು ಕೊಡೆಯನ್ನು ಹಿಡಿದು ಡೇರೆಯ ನಡುವೆ ಎದ್ದುನಿಂತು, "ಸ್ವಾಮೀ, ನೂರರಷ್ಟು ಬರುವುದು ಖಂಡಿತವೋ?" ಎಂದು ಕೇಳಿದರು. ಖಂಡಿತವೆಂದನು ಬೋಧಕ. "ಹಾಗಾದರೆ ತಾವೇ ನಮಗೆ ನೂರು ರೂಪಾಯಿ ಕೊಡಿ. ತಮಗೆ ಹತ್ತು ಸಾವಿರ ಬರುತ್ತದೆ. ನಾವು ಬಡವರು, ನೂರರಲ್ಲೇ ತೃಪ್ತಿಪಡುತ್ತೇವೆ" ಎಂದರು. ಡೇರೆಯೆಲ್ಲ ನಗೆಯಿಂದ ತುಂಬಿತು. ಮರುದಿನ ಮೈದಾನದಲ್ಲಿ ಗೂಟಗಳ ಗುಂಡಿಗಳು ಮಾತ್ರ ಉಳಿದಿದ್ದವು. ವಿಧವೆಯ ಬಳೆ ಅವಳ ಕೈಯಲ್ಲಿಯೇ ಉಳಿಯಿತು. ಈ ಒಂದು ಕೆಲಸಕ್ಕಾಗಿ ನಮ್ಮ ಸಭೆಯು ಅವರಿಗೆ ಎಂದೆಂದಿಗೂ ಋಣಿ. ಇದನ್ನು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ.

ಆದರೆ ಆ ಜಯವು ತಾತನವರಿಗೆ ಒಗ್ಗಲಿಲ್ಲ. ಒಮ್ಮೆ ತೋಳವನ್ನು ಓಡಿಸಿ ಚಪ್ಪಾಳೆ ಗಿಟ್ಟಿಸಿದವನಿಗೆ ತೋಳವಿಲ್ಲದ ವಾರಗಳು ಬಹು ನೀರಸವಾಗಿ ತೋರುತ್ತವೆ. ಡೇರೆಯ ಬೋಧಕರು ವರ್ಷಕ್ಕೊಮ್ಮೆಯೂ ಬರುವವರಲ್ಲ. ಭಾನುವಾರವೋ ವಾರಕ್ಕೊಮ್ಮೆ ಬರುತ್ತದೆ. ಆದುದರಿಂದ ಲಭ್ಯವಿದ್ದ ಕುರಿಗಳಲ್ಲಿಯೇ ಯಾವುದರ ಹಲ್ಲು ಸ್ವಲ್ಪ ಉದ್ದವಾಗಿದೆಯೆಂದು ನೋಡುವ ಅಭ್ಯಾಸ ಪ್ರಾರಂಭವಾಯಿತು. ಸಮಸ್ತವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಬೇಕೆಂದು ಅಪೊಸ್ತಲನಾದ ಪೌಲನು ಥೆಸಲೊನೀಕದವರಿಗೆ ಬರೆದನಷ್ಟೆ. ಆ ಆಜ್ಞೆಯ ಪೂರ್ವಾರ್ಧವನ್ನು ತಾತನವರು ಅಕ್ಷರಶಃ ಪಾಲಿಸುವರು. ಉತ್ತರಾರ್ಧಕ್ಕೆ ಬರುವಷ್ಟರಲ್ಲಿ ಆಶೀರ್ವಚನವಾಗಿ ಜನರು ಚಪ್ಪಲಿ ಹುಡುಕುತ್ತಿರುತ್ತಾರೆ.

ಅವರ ಮನೆಯ ಮುಂಭಾಗದ ಕೋಣೆಯಲ್ಲಿ ಎರಡು ಗಾಜಿನ ಬೀರುಗಳಿವೆ. ಒಂದರಲ್ಲಿ ಅವರ ತಂದೆಯವರು ಕೂಡಿಟ್ಟ, ಮೈಸೂರಿನ ವೆಸ್ಲಿಯನ್ ಮಿಷನ್ನಿನವರು 1887ರಲ್ಲಿ ಆರಂಭಿಸಿದ 'ವೃತ್ತಾಂತ ಪತ್ರಿಕೆ'ಯ ಕಟ್ಟುಗಳು. ಇನ್ನೊಂದರಲ್ಲಿ ಪ್ರಾಚೀನ ಸಭಾಪಿತೃಗಳ ಗ್ರಂಥಗಳು. ಸಾಯಂಕಾಲ ಆ ಕೋಣೆಗೆ ಹೋದವರಿಗೆ ಕಾಫಿಯ ಜೊತೆಗೆ ಒಬ್ಬ ಪಾಷಂಡಿಯಾದರೂ ಸಿಕ್ಕದೆ ಇರಲಾರನು. ತಾತನವರಿಗೆ ಅತ್ಯಂತ ಪ್ರಿಯನಾದವನು 4ನೆಯ ಶತಮಾನದಲ್ಲಿ ಸೈಪ್ರಸ್ ದ್ವೀಪದ ಸಲಾಮಿಸಿನಲ್ಲಿ ಬಿಷಪನಾಗಿದ್ದ ಎಪಿಫಾನಿಯುಸ್. ಈ ಮಹಾನುಭಾವನು ಪಾಷಂಡಗಳೆಂಬ ಹಾವಿನ ಕಡಿತಗಳಿಗೆ ಮದ್ದಿನ ಪೆಟ್ಟಿಗೆಯೆಂದು ಹೆಸರಿಟ್ಟು ಒಂದು ದೊಡ್ಡ ಗ್ರಂಥವನ್ನು ಬರೆದು, ಅದರಲ್ಲಿ 80 ಪಾಷಂಡಗಳನ್ನು ಎಣಿಸಿದ್ದಾನೆ. ಎಂಬತ್ತೇ ಏಕೆಂದರೆ, ಪರಮಗೀತದಲ್ಲಿ ಎಂಬತ್ತು ಮಂದಿ ಉಪಪತ್ನಿಯರೆಂದಿದೆಯಂತೆ. ಕ್ರೈಸ್ತರಲ್ಲಿ ಅಷ್ಟು ದೊರೆಯಲಿಲ್ಲವೆಂದು ಕ್ರಿಸ್ತನಿಗಿಂತ ಹಿಂದಿನ ಗ್ರೀಕರ ಮತ್ತು ಯೆಹೂದ್ಯರ ಪಂಥಗಳಿಂದ ಇಪ್ಪತ್ತನ್ನು ಸೇರಿಸಿಕೊಂಡು ಮೊತ್ತವನ್ನು ಸರಿದೂಗಿಸಿದನು. ಲೆಕ್ಕ ತಪಾಸಣೆಯವರಾದ ತಾತನವರಿಗೆ ಈ ಹೊಂದಾಣಿಕೆಯು ಆಕ್ಷೇಪಾರ್ಹವಾಗಿ ಕಾಣದಿರುವುದು ಆಶ್ಚರ್ಯ. ಇದೇ ಎಪಿಫಾನಿಯುಸನು ವೃದ್ಧಾಪ್ಯದಲ್ಲಿ, ಎಂದೋ ಸತ್ತುಹೋಗಿದ್ದ ಓರಿಗೆನನ ಶಿಷ್ಯರನ್ನು ಹುಡುಕಿಕೊಂಡು 403ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲಿನವರೆಗೂ ಹೋಗಿ, ಆ ಕಾಲದ ಮಹಾ ಪ್ರಸಂಗಿಯಾದ ಯೋಹಾನ ಕ್ರಿಸೋಸ್ತೊಮನೊಡನೆ ಕಲಹ ಮಾಡಿಕೊಂಡು, ಹಿಂದಿರುಗುವಾಗ ಹಡಗಿನಲ್ಲಿಯೇ ತೀರಿಕೊಂಡನು. ಈ ಭಾಗವನ್ನು ತಾತನವರು ಹೇಳುವಾಗ ಅವರ ಧ್ವನಿಯಲ್ಲಿ ಒಂದು ಬಗೆಯ ಅಸೂಯೆ ಇಣುಕುತ್ತದೆ. ನಮ್ಮ ಊರಿಗೆ ಸಮುದ್ರವಿಲ್ಲ.

ಸಭಾಚರಿತ್ರೆಯಲ್ಲಿ ನನ್ನಂತಹ ಅಲ್ಪಜ್ಞನ ಗಮನ ಸೆಳೆಯುವುದು ಬೇರೊಂದು ಸಂಗತಿ. ಕಾರ್ಥೇಜಿನ ಟೆರ್ಟುಲಿಯನನು, ಹಳೆಯ ಒಡಂಬಡಿಕೆಯನ್ನೇ ತಳ್ಳಿಹಾಕಿದ ಮಾರ್ಕಿಯೋನನ ಮೇಲೆ ಐದು ಪುಸ್ತಕಗಳನ್ನು ಬರೆದು ಸತ್ಯಬೋಧನೆಯ ಕೋಟೆಯೆನಿಸಿಕೊಂಡವನು, ಕಡೆಗೆ ತಾನೇ ಫ್ರುಗ್ಯದ ಮೊಂತಾನುಸನ ಪಂಥಕ್ಕೆ ಒಲಿದು, ಮಿಕ್ಕ ಸಭೆಯವರಲ್ಲಿ ಬಿಗಿ ಸಾಲದೆಂದು ದೂರ ಸರಿದನು. ಲವೊದಿಕೀಯದ ಅಪೊಲ್ಲಿನಾರಿಸನು ಆರಿಯುಸನ ಬೋಧನೆಯನ್ನು ಎಷ್ಟು ಉಗ್ರವಾಗಿ ವಿರೋಧಿಸಿದನೆಂದರೆ, ಕ್ರಿಸ್ತನ ದೈವತ್ವವನ್ನು ಕಾಪಾಡುವ ಭರದಲ್ಲಿ ಆತನಿಗೆ ಮನುಷ್ಯಬುದ್ಧಿಯೇ ಇರಲಿಲ್ಲವೆಂದು ಬೋಧಿಸಿ, 381ರ ಕಾನ್‌ಸ್ಟಾಂಟಿನೋಪಲಿನ ಮಹಾಸಭೆಯಿಂದ ಪಾಷಂಡಿಗಳ ಪಟ್ಟಿಯಲ್ಲಿ ಸೇರಿಸಲ್ಪಟ್ಟನು. ಪೂರ್ವದ ಬಾಗಿಲನ್ನು ಹಗಲಿರುಳು ಕಾಯುವವನು ಪಶ್ಚಿಮದ ಬಾಗಿಲಿಗೆ ಬೆನ್ನು ಕೊಟ್ಟೇ ನಿಂತಿರಬೇಕಾಗುತ್ತದೆ. ಈ ಇಬ್ಬರ ಮಾತನ್ನು ನಾನು ಒಮ್ಮೆ ಅವರ ಮುಂದೆ ಎತ್ತಿದಾಗ ತಾತನವರು, "ಅದಕ್ಕೇ ನಾನು ಹೇಳುವುದು, ಯಾರನ್ನೂ ನಂಬುವ ಹಾಗಿಲ್ಲ" ಎಂದರು.

ಅವರ ನಿಷ್ಪಕ್ಷಪಾತದಲ್ಲಿ ಮಾತ್ರ ಸಂದೇಹವಿಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆ ಇಪ್ಪತ್ತೆಂಟು ವರ್ಷಗಳ ತರುವಾಯ, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯಾಗಿ ಫಲಿಸಿ, ಆಂಗ್ಲಿಕನರೂ ಮೆಥೊಡಿಸ್ಟರೂ ಪ್ರೆಸ್ಬಿಟೇರಿಯನರೂ ಕಾಂಗ್ರಿಗೇಷನಲರೂ ಒಂದಾದಾಗ, ಇಡೀ ಊರಿನ ಕ್ರೈಸ್ತರು ಸಂತೋಷಪಟ್ಟರೆ, ವೆಸ್ಲಿಯನ್ ಮನೆತನದ ನಮ್ಮ ತಾತನವರು ಬಂದು ಸೇರಿದ ನಾಲ್ಕೂ ಕಡೆಯವರ ದೋಷಗಳು ಇನ್ನು ಮುಂದೆ ಒಂದೇ ಕಡೆ ದೊರೆಯುವುವೆಂದು ಬೇರೊಂದು ಪುಸ್ತಕವನ್ನು ಹೊಲಿಸಿಟ್ಟುಕೊಂಡರು. ವೆಸ್ಲಿಯ ಪ್ರಸಂಗಗಳ ಸಂಪುಟವು ಅವರ ಹಾಸಿಗೆಯ ಪಕ್ಕದಲ್ಲಿಯೇ ಇರುತ್ತದೆ. ವೆಸ್ಲಿಯು ಅಭಿಪ್ರಾಯಭೇದಗಳಿದ್ದರೂ ಹೃದಯಗಳು ಕೂಡಬಹುದೆಂದು ಬೋಧಿಸಿದ ಪ್ರಸಂಗವೊಂದು, ಅಂಧಾಭಿಮಾನದ ವಿಷಯವಾಗಿ ಎಚ್ಚರಿಸಿದ ಪ್ರಸಂಗ ಇನ್ನೊಂದು, ಆ ಸಂಪುಟದಲ್ಲಿವೆ. ಒಂದು ದಿನ ನಾನು ಅದನ್ನು ಎರವಲು ತಂದು ನೋಡಿದೆ. ಪುಸ್ತಕದ ಮಿಕ್ಕ ಅಂಚುಗಳೆಲ್ಲ ಟಿಪ್ಪಣಿಗಳಿಂದ ತುಂಬಿಹೋಗಿದ್ದವು. ಈ ಎರಡು ಪ್ರಸಂಗಗಳ ಹಾಳೆಗಳು ಮಾತ್ರ, ಅಚ್ಚುಮನೆಯವರು ಮಡಿಸಿದ ಹಾಗೆಯೇ, ಇನ್ನೂ ಕತ್ತರಿಸದೆ ಉಳಿದಿದ್ದವು.

ವಾರ್ಷಿಕ ಕೂಟದಲ್ಲಿ ಸತ್ಯವೇದ ವಾಚನವು ಪರಂಪರೆಯಿಂದ ಅವರಿಗೇ ಮೀಸಲು. ಅವರು ಆರಿಸುವುದು ಪ್ರಕಟನೆಯ ಎರಡನೆಯ ಅಧ್ಯಾಯವನ್ನು. ಅದರಲ್ಲಿ ಎಫೆಸದ ಸಭೆಯವರು ಅಪೊಸ್ತಲರೆಂದು ಸುಳ್ಳು ಹೇಳಿಕೊಂಡವರನ್ನು ಪರೀಕ್ಷಿಸಿ ಕಂಡುಹಿಡಿದುದಕ್ಕಾಗಿ ಮೆಚ್ಚುಗೆ ಪಡೆಯುತ್ತಾರೆ. ತಾತನವರು ಎರಡನೆಯ ವಚನವನ್ನೂ ಮೂರನೆಯದನ್ನೂ ಗಂಭೀರ ಸ್ವರದಲ್ಲಿ ಓದಿ, ನೀರು ಕುಡಿದು, ನಿಕೊಲಾಯಿತರ ಕೃತ್ಯಗಳನ್ನು ಹಳಿಯುವ ಆರನೆಯ ವಚನದಿಂದ ಮುಂದುವರಿಸುವರು. ನಡುವಿನ ಎರಡು ವಚನಗಳಲ್ಲಿ, ಆ ಪರೀಕ್ಷಕರೇ ತಮ್ಮ ಮೊದಲಿನ ಪ್ರೀತಿಯನ್ನು ಕಳೆದುಕೊಂಡರೆಂಬ ಆಕ್ಷೇಪಣೆಯೂ ದೀಪಸ್ತಂಭವನ್ನು ತೆಗೆದುಬಿಡುವೆನೆಂಬ ಎಚ್ಚರಿಕೆಯೂ ಇರುವುದರಿಂದ, ನೀರು ಕುಡಿಯಲು ಇದಕ್ಕಿಂತ ಪ್ರಶಸ್ತವಾದ ಸ್ಥಳವು ಸಿಕ್ಕಲಾರದು.

ತಮ್ಮ ಕಣ್ಣಿನ ತೊಲೆಯ ವಿಚಾರವನ್ನು ಅವರು ಮರೆತವರೆಂದು ಹೇಳಿದರೆ ಅನ್ಯಾಯವಾದೀತು. ದಿನವೂ ಮುಂಜಾನೆ ಐದು ಗಂಟೆಗೆದ್ದು ಆತ್ಮಪರೀಕ್ಷೆ ಮಾಡಿಕೊಳ್ಳುವರು. ಅದಕ್ಕೆ ಪ್ರತ್ಯೇಕವಾದ ಪುಸ್ತಕವಿದೆ. ಅದರಲ್ಲಿ ತಾರೀಖಿನ ಎದುರಿಗೆ, ವರ್ಷಗಟ್ಟಲೆ, ಒಂದೇ ಕೈಬರಹದಲ್ಲಿ, "ಪರಿಶೀಲಿಸಲಾಯಿತು. ಶಿಲ್ಕು ಸರಿಯಿದೆ" ಎಂದು ಬರೆದಿದೆ. ಈ ಪುಸ್ತಕವನ್ನು ನನಗೆ ತೋರಿಸಿದವರು ಅವರ ಮನೆಯ ತಾಯಿಯವರು. ತಾಯಿಯವರು ನೀಕೇಯಕ್ಕೂ ಕಾನ್‌ಸ್ಟಾಂಟಿನೋಪಲಿಗೂ ಹೆದರದೆ ನಲವತ್ತು ವರ್ಷ ಸಂಸಾರ ನಡೆಸಿದವರು. ತಾತನವರು ಊಟದ ಹೊತ್ತಿನಲ್ಲಿ ನೆಸ್ತೋರಿಯುಸನ ಮೇಲೆ ಹರಿಹಾಯ್ದು, 431ರ ಎಫೆಸದ ಮಹಾಸಭೆಯ ನಿರ್ಣಯವನ್ನು ವಿವರಿಸುತ್ತ ತುತ್ತನ್ನು ಕೈಯಲ್ಲಿಯೇ ಹಿಡಿದುಕೊಂಡರೆ, "ಏನೂಂದ್ರೆ, ಮೊದಲು ಊಟ ಮುಗಿಸಿ. ಸಾರು ಆರಿಹೋಗುತ್ತೆ. ಅವನೆಲ್ಲೂ ಓಡಿಹೋಗಲ್ಲ" ಎನ್ನುವರು. ದೈವಶಾಸ್ತ್ರದಲ್ಲಿ ತಾತನವರಿಗೆ ಉತ್ತರ ಹೊಳೆಯದ ಸಂದರ್ಭಗಳು ಇವಷ್ಟೆ.

ಇನ್ನು ಐಸುಗಡ್ಡೆಯ ಪ್ರಕರಣ. ನಮ್ಮ ಭಾನುವಾರದ ಶಾಲೆಯಲ್ಲಿ ಚಿಕ್ಕ ತರಗತಿಗೆ ಪಾಠ ಹೇಳುವ ಹುಡುಗಿಯೊಬ್ಬಳಿದ್ದಾಳೆ, ಮಕ್ಕಳಿಗೆ ಟೀಚರಮ್ಮ. ತ್ರಯೇಕ ದೇವರ ಪಾಠದ ದಿನ, ಎಂಟು ವರ್ಷದ ಮಕ್ಕಳಿಗೆ ಅದನ್ನು ಹೇಗಾದರೂ ಮುಟ್ಟಿಸಬೇಕೆಂಬ ಉತ್ಸಾಹದಿಂದ ಅವಳು ಸೋಡಾ ಅಂಗಡಿಯಿಂದ ಮರದ ಹೊಟ್ಟಿನಲ್ಲಿ ಸುತ್ತಿದ ಐಸುಗಡ್ಡೆಯೊಂದನ್ನು ತಂದು, ಒಂದು ಲೋಟ ನೀರನ್ನೂ ಹಬೆಯಾಡುವ ಕೆಟಲನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ನೀರು ಒಂದೇ ಆದರೂ ಮೂರು ರೂಪ ತಾಳುವುದಿಲ್ಲವೇ ಎಂದು ಹೇಳುತ್ತಿದ್ದಳು. ಕಿಟಕಿಯ ಹೊರಗಿನಿಂದ ಚಿಟಿಲ್ ಎಂಬ ಸಪ್ಪಳವಾಯಿತು. ತಾತನವರು ಒಳಗೆ ಬಂದರು. ಒಬ್ಬನೇ ದೇವರು ಒಮ್ಮೆ ತಂದೆಯಾಗಿ, ಒಮ್ಮೆ ಮಗನಾಗಿ, ಒಮ್ಮೆ ಆತ್ಮನಾಗಿ ವೇಷ ಬದಲಾಯಿಸಿಕೊಳ್ಳುತ್ತಾನೆಂಬುದು 3ನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಸಬೆಲ್ಲಿಯುಸನ ದುರ್ಬೋಧನೆಯೆಂದೂ, ಹಾಗಾದರೆ ಗೆತ್ಸೇಮನೆಯಲ್ಲಿ ಮಗನು ಪ್ರಾರ್ಥಿಸಿದ್ದು ಯಾರನ್ನೆಂದೂ, ಇದೇ ಬಗೆಯ ಬೋಧನೆಯನ್ನು ಟೆರ್ಟುಲಿಯನನು ಪ್ರಾಕ್ಸೆಯಾಸನೆಂಬವನ ಮೇಲೆ ಬರೆದ ಗ್ರಂಥದಲ್ಲಿ ಪುಡಿಪುಡಿ ಮಾಡಿದ್ದಾನೆಂದೂ ಅರ್ಧ ಗಂಟೆ ನಿರೂಪಿಸಿದರು. ಅವರು ಹೇಳಿದುದು ಶಾಸ್ತ್ರದೃಷ್ಟಿಯಿಂದ ಸಂಪೂರ್ಣವಾಗಿ ಸರಿ. ಅಷ್ಟರಲ್ಲಿ ಐಸು ಕರಗಿ ಹಾಜರಿ ಪುಸ್ತಕ ನೆನೆದಿತ್ತು. ಮುಂದಿನ ಸಾಲಿನಲ್ಲಿದ್ದ ಮಗುವೊಂದು ಕೈಯೆತ್ತಿ, "ತಾತ, ಸಬೆಲ್ಲಿಯುಸಂಗೆ ಐಸು ಎಲ್ಲಿ ಸಿಕ್ತು?" ಎಂದು ಕೇಳಿತು. ತಾತನವರು ಅದನ್ನು ಉದ್ಧಟತನವೆಂದು ಬರೆದುಕೊಂಡರು. ಟೀಚರಮ್ಮ ಲಿಖಿತ ಸಮಾಧಾನ ಕೊಡಬೇಕೆಂದೂ, ತಾತನವರ ಪುಸ್ತಕದಿಂದ ಸಬೆಲ್ಲಿಯುಸನ ಖಂಡನೆಯನ್ನು ಪ್ರತಿ ಮಾಡಿಟ್ಟುಕೊಳ್ಳಬೇಕೆಂದೂ ಸಮಿತಿಯಲ್ಲಿ ಠರಾವಾಯಿತು. ಅವಳನ್ನು ಮನೆಗೆ ಕರೆದು ಮೆಲ್ಲಗೆ ಹೇಳಬಹುದಿತ್ತೆಂದೂ, ವಾಗ್ಮಿಯಾದ ಅಪೊಲ್ಲೋಸನ ಬೋಧನೆಯಲ್ಲಿ ಕೊರತೆ ಕಂಡಾಗ ಪ್ರಿಸ್ಕಿಲ್ಲಳೂ ಅಕ್ವಿಲನೂ ಹಾಗೆಯೇ ಮಾಡಿದರೆಂದೂ ನಾನು ಸಣ್ಣ ಧ್ವನಿಯಲ್ಲಿ ಸೂಚಿಸಿದೆ. "ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರ ಮುಂದೆಯೇ ಗದರಿಸಿದ. ಗಲಾತ್ಯ, ಎರಡನೆಯ ಅಧ್ಯಾಯ" ಎಂದರು ತಾತನವರು. ಪೌಲನ ಉದಾಹರಣೆ ಸಿಕ್ಕುವ ಕಡೆಯಲ್ಲಿ ಅವರು ಪ್ರಿಸ್ಕಿಲ್ಲಳವರೆಗೆ ಇಳಿಯುವವರಲ್ಲ.

ಮರು ವರ್ಷದ ಸಭಾ ವಾರ್ಷಿಕೋತ್ಸವಕ್ಕೆ ದೂರದ ಊರಿನಿಂದ ಹಿರಿಯ ಪ್ರಸಂಗಿಯೊಬ್ಬರನ್ನು ಕರೆಸಿದೆವು. ಬೆಳ್ಳನೆಯ ಗಡ್ಡ, ಗಂಟೆಯಂತಹ ಕಂಠ. ಶನಿವಾರ ರಾತ್ರಿ ಅವರ ಊಟ ತಾತನವರ ಮನೆಯಲ್ಲಿ. ಭಾನುವಾರ ಅವರು ಪ್ರಸಂಗಪೀಠವನ್ನೇರಿದೊಡನೆ, ಮೂಲವಾಕ್ಯಕ್ಕೂ ಮೊದಲು, ಈ ಕಡೆಯ ದಿನಗಳಲ್ಲಿ ವಂಚಕರು ಎಲ್ಲೆಲ್ಲಿಯೂ ಹೆಚ್ಚಿರುವಾಗ, ಯೆಹೆಜ್ಕೇಲನು ಹೇಳಿದ ಕಾವಲುಗಾರನಂತೆ ಎಚ್ಚತ್ತಿರುವ ಒಬ್ಬ ಹಿರಿಯರು ಈ ಸಭೆಗೆ ದೊರೆತಿರುವುದು ಎಂತಹ ಭಾಗ್ಯವೆಂದೂ, ತಾವು ಅನೇಕ ಸಭೆಗಳನ್ನು ಕಂಡಿದ್ದರೂ ಇಂತಹ ಸೂಕ್ಷ್ಮ ವಿವೇಚನೆಯನ್ನು ಬೇರೆಲ್ಲಿಯೂ ಕಂಡಿಲ್ಲವೆಂದೂ ಹೇಳಿ, ಎಡಗಡೆಯ ಎರಡನೆಯ ಸಾಲಿನತ್ತ ಕೈಚಾಚಿದರು. ಸಭೆಯೆಲ್ಲ ತಿರುಗಿ ನೋಡಿತು. ತಾತನವರು ನೆಲವನ್ನು ನೋಡುತ್ತಿದ್ದರು. ಆದರೆ ಆ ನೆಲವು ಅವರಿಗೆ ಬಹಳ ಕೆಳಗೆ ಇದ್ದಂತೆ ತೋರಿತು. ಆಮೇಲೆ ಪ್ರಸಂಗ ಸಾಗಿತು. ಹದಿನೈದು ನಿಮಿಷಗಳಾದ ಮೇಲೆ ಪ್ರಸಂಗಿಗಳು ತ್ರಯೇಕ ದೇವರ ರಹಸ್ಯವನ್ನು ಬಿಡಿಸಿ ತೋರಿಸುವುದಾಗಿ ಹೇಳಿ, ದೇವರು ಹಳೆಯ ಕಾಲದಲ್ಲಿ ತಂದೆಯ ರೂಪದಲ್ಲಿದ್ದು, ಸುವಾರ್ತೆಯ ಕಾಲದಲ್ಲಿ ಮಗನ ರೂಪಕ್ಕೆ ಬದಲಾಗಿ, ಈಗ ಆತ್ಮನ ರೂಪದಲ್ಲಿದ್ದಾನೆಂದೂ, ಮಂಜುಗಡ್ಡೆಯು ಕರಗಿ ನೀರಾಗಿ, ನೀರು ಕಾದು ಹಬೆಯಾದಂತೆಯೇ ಇದೆಂದೂ ವಿವರಿಸಿದರು. ಟೀಚರಮ್ಮ ಪಾಠದಲ್ಲಿ ಬಿಟ್ಟಿದ್ದ ಕೊರತೆಯನ್ನೆಲ್ಲ ಅವರು ತುಂಬಿಕೊಟ್ಟರು. ಸಬೆಲ್ಲಿಯುಸನು ಕೇಳಿದ್ದರೆ ಎದ್ದು ಕೈಮುಗಿಯುತ್ತಿದ್ದನು. ಚಿಕ್ಕ ತರಗತಿಯ ಮಕ್ಕಳು ಒಂದೇ ಸಲಕ್ಕೆ ತಾತನವರ ಕಡೆಗೆ ತಿರುಗಿದರು. ಟಿಪ್ಪಣಿ ಪುಸ್ತಕವು ರಬ್ಬರು ಪಟ್ಟಿಯೊಳಗೆ ಭದ್ರವಾಗಿತ್ತು. ತಾತನವರು ಕಣ್ಣುಮುಚ್ಚಿ, ಮಂದಹಾಸದಿಂದ ತಲೆದೂಗುತ್ತಿದ್ದರು. ಆರಾಧನೆ ಮುಗಿದ ಮೇಲೆ ಅವರು ಪ್ರಸಂಗಿಗಳ ಕೈಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದು, ಇಂತಹ ಶುದ್ಧ ಬೋಧನೆಯನ್ನು ಕೇಳಿ ಎಷ್ಟು ಕಾಲವಾಗಿತ್ತೋ ಎಂದರು. ಪಕ್ಕದಲ್ಲಿ ನಿಂತಿದ್ದ ನಮ್ಮ ಅಯ್ಯನವರು ಆಕಾಶವನ್ನು ನೋಡಿದರು.

ಮುಂದಿನ ಸಂಗತಿಗೆ ನಾನು ಸಾಕ್ಷಿಯಲ್ಲ, ತಾಯಿಯವರಿಂದ ಕೇಳಿದ್ದು. ಬುಧವಾರದ ಸಂಜೆ ಟೀಚರಮ್ಮ ಒಬ್ಬಳೇ ಅವರ ಮನೆಗೆ ಬಂದಳು. ಕಂಕುಳಲ್ಲಿ ಸಬೆಲ್ಲಿಯುಸನ ಖಂಡನೆಯನ್ನು ಪ್ರತಿ ಮಾಡಿದ್ದ ನೋಟುಪುಸ್ತಕ. ತಾಯಿಯವರು ಕೊಟ್ಟ ನಿಪ್ಪಟ್ಟು ತಿಂದು, ಕಾಫಿ ಕುಡಿದು, ಊರಿನ ವಿಚಾರವೆಲ್ಲ ಮುಗಿದ ಮೇಲೆ ಪುಸ್ತಕವನ್ನು ಬಿಚ್ಚಿ, "ತಾತ, ನೀವು ಬರೆಸಿದ್ದನ್ನ ಇನ್ನೊಂದ್ಸಲ ಓದ್ತಿದ್ದೆ. ಮೊನ್ನೆ ಬಂದಿದ್ದ ಅಯ್ಯನವರು ಹೇಳಿದ್ದಕ್ಕೂ ಇದಕ್ಕೂ ಎಲ್ಲಿ ವ್ಯತ್ಯಾಸ ಅಂತ ನಂಗೆ ಗೊತ್ತಾಗ್ಲಿಲ್ಲ. ನೀವಾದ್ರೆ ತಿಳಿಸ್ತೀರಿ ಅಂತ ಬಂದೆ" ಎಂದಳಂತೆ. ತಾತನವರು ಪುಸ್ತಕವನ್ನು ತೆಗೆದುಕೊಂಡು ತಮ್ಮದೇ ವಾಕ್ಯಗಳನ್ನು ಒಂದೊಂದಾಗಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ಬಹಳ ಹೊತ್ತಿನ ಮೇಲೆ, "ಗೊತ್ತಿತ್ತಮ್ಮ. ಅವರು ನಮ್ಮನ್ನು ಪರೀಕ್ಷೆ ಮಾಡಲಿಕ್ಕೆ ಬೇಕೂಂತಲೇ ಹಾಗೆ ಹೇಳಿದ್ದು. ನಾನು ಸುಮ್ಮನಿದ್ದು, ಬೇರೆ ಯಾರಾದರೂ ಹಿಡಿಯುತ್ತಾರೋ ಅಂತ ನೋಡುತ್ತಿದ್ದೆ. ನೀನು ಹಿಡಿದೆ" ಎಂದರು.

ಒಳಗಿನಿಂದ ತಾಯಿಯವರು, "ಗೊತ್ತಿದ್ದೂ, ಅವರಿಗೆ ಎರಡನೇ ಸಲ ಪಾಯಸ ಬಡಿಸು ಅಂತ ಯಾಕಂದ್ರಿ?" ಎಂದು ಕೇಳಿದರು.

ಆ ಪ್ರಶ್ನೆಗೆ ಸಮಾಧಾನವು ಇನ್ನೂ ಬಂದಿಲ್ಲ. ಆದರೆ ಮುಂದಿನ ಸಮಿತಿಯ ಕೂಟದಲ್ಲಿ ತಾತನವರು ಒಂದು ನಿರ್ಣಯವನ್ನು ಮಂಡಿಸಿದರು: ಹೊರಗಿನಿಂದ ಬರುವ ಪ್ರಸಂಗಿಗಳ ಬೋಧನೆಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಲು ಉಪಸಮಿತಿಯೊಂದು ಇರತಕ್ಕದ್ದು, ಅದಕ್ಕೆ ಅಧ್ಯಕ್ಷರು ತಾವು, ಸದಸ್ಯಳು ಟೀಚರಮ್ಮ. ಐಸುಗಡ್ಡೆಯ ಕಡತವನ್ನು ಏನು ಮಾಡಬೇಕೆಂದು ನಾನು ಕೇಳಲಿಲ್ಲ. ಅದು ಕಡತಗಳ ಕಟ್ಟಿನಿಂದ ತಾನಾಗಿಯೇ ಮಾಯವಾಗಿತ್ತು. ಟೀಚರಮ್ಮ, ಚಿಕ್ಕ ತರಗತಿಗೆ ಹೊಸ ಕಪ್ಪು ಹಲಗೆಯೊಂದನ್ನು ಕೊಡಿಸುವುದಾದರೆ ಸದಸ್ಯಳಾಗುವೆನೆಂದಳು. ನಾನು ಹಲಗೆಯ ಖರ್ಚಿನ ಪತ್ರವನ್ನು ಬರೆದು ತಾತನವರಿಗೆ ಕಳುಹಿಸಿದೆ. ಅದು ಮೂರನೆಯ ದಿನ, "ಮೂರು ಅಂಗಡಿಗಳ ದರಪಟ್ಟಿ ಏಕೆ ಲಗತ್ತಿಸಿಲ್ಲ?" ಎಂಬ ಷರಾದೊಡನೆ ಹಿಂದಕ್ಕೆ ಬಂದಿತು. ಅದರ ಕೆಳಗೆ ಟೀಚರಮ್ಮ ದುಂಡಗಿನ ಅಕ್ಷರದಲ್ಲಿ, "ಊರಿನಲ್ಲಿರುವುದು ಒಂದೇ ಅಂಗಡಿ, ತಾತ" ಎಂದು ಬರೆದು ಪತ್ರವನ್ನು ಮತ್ತೆ ಅವರಿಗೆ ಕಳುಹಿಸಿದಳು. ನಮ್ಮ ಸಭೆಯ ದಾಖಲೆಗಳಲ್ಲಿ ಇದಕ್ಕೆ ಪೂರ್ವದೃಷ್ಟಾಂತವಿಲ್ಲ: ಪತ್ರವು ನನ್ನ ಕೈಗೆ ಮರಳಿ ಬಂದಾಗ ಅದರ ಅಡಿಯಲ್ಲಿ ತಾತನವರ ರುಜುವೂ, ರುಜುವಿನ ಮೇಲೆ "ಆಕ್ಷೇಪಣೆಯನ್ನು ತಾತ್ಕಾಲಿಕವಾಗಿ ಕೈಬಿಡಲಾಗಿದೆ" ಎಂಬ ಒಕ್ಕಣೆಯೂ ಇದ್ದವು.